ಮಾವ ಕೆಂಡ ಹಾಯ್ದದ್ದು

ನಮ್ಮೂರ ಅಮ್ಮನವರ ಕಾನೂನು ಒಂದೇ: ವ್ರತ ಹಿಡಿದವನು ಒಂದು ತೊಟ್ಟು ಕುಡಿದಿದ್ದರೂ ಕೆಂಡ ಹಾಯುವಾಗ ಕಾಲು ಸುಡುತ್ತದೆ. ಕುಡಿಯದವನಿಗೆ ಅದು ಹೂವಿನ ಹಾಸಿಗೆ. ಸಾರಾಯಿ ಅಂಗಡಿಗಳು ಇನ್ನೂ ತೆರೆದಿದ್ದ ಆ ವರ್ಷಗಳಲ್ಲಿ, ಗಂಡನ ಕುಡಿತಕ್ಕೆ ಬೇಸತ್ತು ಕುಮಟಾದ ತವರಿಗೆ ಹೊರಟ ಅತ್ತೆ ನನ್ನ ಸೋದರಮಾವನಿಗೆ ಷರತ್ತು ಹಾಕಿದಳು. “ಕೆಂಡ ಹಾದು ತೋರ್ಸಿ. ಕಾಲು ಸುಡ್ಲಿಲ್ಲ ಅಂದ್ರೆ ವಾಪಸ್ ಬರ್ತೆ. ಸುಟ್ರೆ ಮುಗ್ದೋತು.”

ಮಾವ ಭಟ್ಕಳ–ಕುಮಟಾ ಬಸ್ಸಿನ ಕಂಡಕ್ಟರ್. ಹಗಲೆಲ್ಲ ಒಬ್ಬರ ಸ್ಟಾಪನ್ನೂ ತಪ್ಪಿಸದವನು ಸಂಜೆಯಾದರೆ ಕಾಯ್ಕಿಣಿಯ ತನ್ನ ಮನೆಯ ದಾರಿಯನ್ನೇ ತಪ್ಪುತ್ತಿದ್ದ.

ಅಂಥವನು ವ್ರತ ಹಿಡಿದ. ತಣ್ಣೀರು ಸ್ನಾನ, ಒಪ್ಪೊತ್ತು ಊಟ, ಬರಿ ನೆಲ, ಮೀನೂ ಇಲ್ಲ. ಕಾಲೇಜು ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನಗೆ ಅವನಿಗೆ ಗಂಜಿ ಬೇಯಿಸುವ, ಅದಕ್ಕಿಂತ ಹೆಚ್ಚಾಗಿ ಕಾವಲು ಕಾಯುವ ಕೆಲಸ ಬಿತ್ತು.

“ಸಾರಾಯಿ ಬಿಡೂಕೆ ಆತು ಮಾರಾಯ್ತಿ, ಬಂಗಡೆ ಬಿಡೂದು ಹ್ಯಾಂಗೆ?” ಎಂದು ಗೋಳಾಡಿದ. ಆದರೂ ತೀರ್ಥ ಬಿಟ್ಟು ಬೇರೇನನ್ನೂ ಕುಡಿಯಲಿಲ್ಲ. ಅದಕ್ಕೆ ನಾನೇ ಸಾಕ್ಷಿ.

ಕೆಂಡದ ದಿನ ಬೆಳಿಗ್ಗೆ ಅತ್ತೆಯೂ ಬಂದು ಗುಡಿಯ ಮುಂದೆ ನಿಂತಳು. ಮಾವನಿಗಿಂತ ಮುಂದಿದ್ದವನು ಊರಿನ ತೆಂಗಿನಕಾಯಿ ಕೊಯ್ಯುವವನು. ಅವನ ಬಾಯಿಯ ವಾಸನೆ ಗುಡಿಯ ಧೂಪವನ್ನೂ ಮೀರಿಸುತ್ತಿತ್ತು. ಚಪ್ಪಲಿ ಕಂಡರಿಯದ ಕಾಲು, ದಡದಡನೆ ದಾಟಿ ಕೈಮುಗಿದು ಹೋದ. ಬೂಟಿನೊಳಗೇ ಬೆಳೆದ ಕಾಲಿನ ನನ್ನ ಮಾವನೋ, ಕೆಂಡದ ನಡುವೆ ನಿಂತು ಹೆಂಡತಿ ನೋಡುತ್ತಿದ್ದಾಳೋ ಇಲ್ಲವೋ ಎಂದು ತಿರುಗಿ ನೋಡಿದ. ಆಮೇಲೆ “ಅಮ್ಮಾ!” ಎಂದು ಚೀರಿದ್ದನ್ನು ಜನ ಭಕ್ತಿ ಎಂದುಕೊಂಡರು.

ಅಂಗಾಲಿನ ತುಂಬ ಬೊಬ್ಬೆ ಎದ್ದಿತು. ಕುಂಟುತ್ತ ಓಲಾಡುತ್ತ ಮನೆಗೆ ಬರುವಾಗ ವಿಷಯ ಗೊತ್ತಿಲ್ಲದವರು “ಇವತ್ತೂ ಹಾಕ್ಕಂಡಾನೆ” ಎಂದರು. ಗೊತ್ತಿದ್ದವರು “ವ್ರತದಲ್ಲೂ ಬಿಡ್ಲಿಲ್ಲ ನೋಡು” ಎಂದರು. ನನ್ನ ಸಾಕ್ಷಿ ಯಾರಿಗೂ ಬೇಕಿರಲಿಲ್ಲ. ನನಗಂತೂ ಅಮ್ಮನವರ ಮೇಲೆಯೇ ಕೆಟ್ಟ ಸಿಟ್ಟು ಬಂತು.

ಅತ್ತೆ ಬ್ಯಾಗು ಕೆಳಗಿಡದೆ ಬಾಗಿಲಲ್ಲೇ ನಿಂತಿದ್ದಳು. ನಾನು ಲೋಳೆಸರ ಹಚ್ಚತೊಡಗಿದೆ. ಮಾವ “ಅಯ್ಯೋ, ಮೆಲ್ಲಗೆ!” ಎಂದು ಮಗುವಿನಂತೆ ಅತ್ತ. ಅತ್ತೆ ಅದನ್ನೇ ನೋಡುತ್ತ ನಿಂತಳು.

“ಕುಡ್ದು ಬಾವಿಕಟ್ಟೆಯಿಂದ ಬಿದ್ದು ಹಲ್ಲು ಮುರಕಂಡಾಗ ಇವ್ರು ನಗ್ತಾ ಮಲಗಿದ್ರು,” ಎಂದಳು. “ಕುಡ್ದಾಗ ಇವ್ರಿಗೆ ನೋವು ಅಂದ್ರೆ ಎಂತದು ಅಂತ್ಲೇ ಗೊತ್ತಾಗೂದಿಲ್ಲ. ಇಷ್ಟು ಅಳ್ತ್ರು ಅಂದ್ರೆ ಖಂಡಿತ ಕುಡೀಲಿಲ್ಲ.”

ಬ್ಯಾಗನ್ನು ಒಳಗಿಟ್ಟು, ಬಂಗಡೆ ತರಲು ನನ್ನನ್ನು ಪೇಟೆಗೆ ಕಳಿಸಿದಳು.