ನಾನು ಬರೆದ ಬೆಳಗಿನ ಕ್ರಮ

ಎರಡನೆಯ ಮಹಾಯುದ್ಧ ಆರಂಭವಾಗುವುದಕ್ಕೆ ಎರಡು ವರ್ಷ ಮುಂಚೆ, ಅಮ್ಮತ್ತಿಯಿಂದ ನಾಲ್ಕು ಮೈಲಿ ದೂರದ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ನಾನು ಕಾಂಪೌಂಡರ್ ಆಗಿದ್ದೆ. ಸೋಮವಾರಪೇಟೆ ಕಡೆಯವನಾದ ನಾನು ಶಾಲೆಯಲ್ಲಿ ಕಲಿತದ್ದು ಅಲ್ಪ. ಇಂಗ್ಲಿಷನ್ನು ಔಷಧದ ಬಾಟಲಿಗಳ ಲೇಬಲ್ಲುಗಳಿಂದಲೂ ವೈದ್ಯರು ಬಿಟ್ಟುಹೋದ ಹಳೆಯ ಪುಸ್ತಕಗಳಿಂದಲೂ ಒಬ್ಬನೇ ಕೂತು ಕಲಿತವನು. ಆ ಎಸ್ಟೇಟಿನ ಇತಿಹಾಸವೆಂದು ಮುಂದೆ ಅಚ್ಚಾದ ಒಂದು ಪುಸ್ತಿಕೆಯಲ್ಲಿ, ಬೆಳಗಿನ ಶಿಸ್ತು ಮತ್ತು ಕ್ವಿನೈನ್ ಗುಳಿಗೆ ಇವೆರಡರಿಂದ ಲೈನುಗಳ ಮಲೇರಿಯಾ ಹತೋಟಿಗೆ ಬಂತು ಎಂಬ ಮಾತಿದೆ. ಆ ಶಿಸ್ತನ್ನು ರೂಪಿಸಿದವನು ನಾನೇ. ಆದ್ದರಿಂದ ಅದು ನಡೆದ ಸಂಗತಿಯಲ್ಲ ಎಂದು ಹೇಳಬೇಕಾದವನೂ ನಾನೇ.

ಲೈನು ಎಂದರೆ ಎಸ್ಟೇಟಿನ ಕೆಲಸಗಾರರು ವಾಸಿಸುವ ಒಂದೇ ಸೂರಿನ ಉದ್ದನೆಯ ಸಾಲುಮನೆ. ನಮ್ಮಲ್ಲಿ ಇಂಥವು ಎರಡಿದ್ದವು: ತೊರೆಯ ಪಕ್ಕದಲ್ಲಿ ಕೆಳಲೈನು, ಗುಡ್ಡದ ನೆತ್ತಿಯಲ್ಲಿ ಮೇಲ್ಲೈನು. ಎರಡರಲ್ಲೂ ಇದ್ದವರು ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಮೇಸ್ತ್ರಿಯೊಬ್ಬ ಕರೆತಂದಿದ್ದ ಒಂದೇ ಊರಿನ ಜನ. ಕಾಫಿ ಹೂ ಅರಳಿಸುವ ಮಳೆ ಬಿದ್ದ ಮೇಲೆ ಪ್ರತಿವರ್ಷ ಜ್ವರ ಏರುತ್ತಿತ್ತು. ನಾನು ಬರುವ ಮೊದಲು ಕ್ವಿನೈನನ್ನು ನೀರಿನಲ್ಲಿ ಕಲಸಿದ ಮಿಕ್ಸ್ಚರ್ ಆಗಿ, ಸಂಜೆ ಕೆಲಸ ಮುಗಿದ ಮೇಲೆ ಲೋಟದಲ್ಲಿ ಕುಡಿಸುತ್ತಿದ್ದರು. ಅರ್ಧ ಜನ ಸಂಜೆ ತಪ್ಪಿಸಿಕೊಳ್ಳುತ್ತಿದ್ದರು. ಬೆಳಗಿನ ಮಸ್ಟರನ್ನು, ಅಂದರೆ ಹಾಜರಿಯನ್ನು, ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ನನಗೆ ಹೊಳೆಯಿತು.

ಹಾಗೆ ನಾನು ಒಂದು ಬೆಳಗಿನ ಕ್ರಮವನ್ನು ಬರೆದೆ. ಐದು ಗಂಟೆಗೆ ತೂಗುಹಾಕಿದ ರೈಲುಕಂಬಿಯ ತುಂಡನ್ನು ಬಾರಿಸುವುದು. ಕಕ್ಕಸಿನ ಗುಂಡಿಗೆ ಹೋಗಿಬಂದು ಕೈಕಾಲು ತೊಳೆಯುವುದು. ಐದೂವರೆಗೆ ಸಾಲಾಗಿ ನಿಲ್ಲುವುದು. ನಾಲಗೆ ತೋರಿಸಿ ಐದು ಗ್ರೇನ್ ತೂಕದ ಒಂದು ಕ್ವಿನೈನ್ ಗುಳಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನುಂಗುವುದು. ನುಂಗಿದವರ ಹೆಸರನ್ನು ಮಾತ್ರ ರೈಟರ್, ಅಂದರೆ ಹಾಜರಿಯ ಗುಮಾಸ್ತ, ಆ ದಿನದ ಕೂಲಿಗೆ ಬರೆಯತಕ್ಕದ್ದು. ಮ್ಯಾನೇಜರ್ ದೊರೆ ಅದನ್ನು ಓದಿ ರುಜು ಹಾಕಿದರು. ನನಗೆ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಕ್ರಮ ಗಡಿಯಾರದಂತೆ ನಡೆಯಿತು. ಆದರೆ ಐದನೆಯ ವಾರ ಜ್ವರದವರ ಸಂಖ್ಯೆ ಇಳಿಯುವ ಬದಲು ಏರಿತು. ಆರನೆಯ ವಾರ ಮೇಲ್ಲೈನಿನ ಕೆಂಪಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ ಡಿಸ್ಪೆನ್ಸರಿಯ ಬಾಗಿಲಿಗೆ ಬಂದು ನಿಂತಳು. ಐವತ್ತರ ಹತ್ತಿರದ ವಿಧವೆ. ಗೊಬ್ಬರ ಹೊರುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳು.

"ಸಾಮಿ, ನಮ್ಮ ಚಿಕ್ಕತಾಯಿ ಗಂಟೆ ಹೊಡೆದಾಗ ಎದ್ದು, ಇನ್ನೂ ಕತ್ಲೆ ಐತಲ್ಲ ಅತ್ತೆ, ಅಂದ್ಲು. ಕತ್ಲೇನೇ ಇತ್ತಲ್ಲ, ಜ್ವರ ಬಂದೈತೆ ಮಲಿಕ್ಕೊ ಅಂದೆ. ಈಗ ಹೋಗಿ ನೋಡ್ತೀನಿ, ಕಣ್ಣು ಬಿಟ್ಕಂಡು ಕೂತವ್ಳೆ. ಯಾವಾಗ ಬೆಳಗಾಯ್ತದೆ ಅಂತಾವ್ಳೆ."

ಚಿಕ್ಕತಾಯಿ ಅವಳ ಸೊಸೆ. ಇಪ್ಪತ್ತು ವರ್ಷ ತುಂಬಿರಲಿಲ್ಲ. ನಾನು ಹೋದಾಗ ಅವಳು ಗೋಡೆಗೊರಗಿ ಕುಳಿತಿದ್ದಳು. ಎರಡೂ ಕಣ್ಣುಗಳ ಪಾಪೆ ಪೂರ್ತಿ ಹಿಗ್ಗಿತ್ತು. ಕನ್ನಡಿಯಿಂದ ಬಿಸಿಲನ್ನು ನೇರವಾಗಿ ಕಣ್ಣಿಗೆ ಬಿಟ್ಟರೂ ಅದು ಕುಗ್ಗಲಿಲ್ಲ. ಕಿವಿಯಲ್ಲಿ ಜೀರುಂಡೆ ಕೂಗುತ್ತಿದೆ ಎಂದಳು. ನಾನು ಕೇಳಿದ್ದನ್ನು ಅವಳ ಕಿವಿಯ ಹತ್ತಿರ ಬಾಯಿಟ್ಟು ಎರಡೆರಡು ಸಲ ಹೇಳಬೇಕಾಯಿತು.

ತಿಂಗಳಿಗೆ ಎರಡು ಸಲ ಬರುತ್ತಿದ್ದ ವೈದ್ಯರಿಗೆ ಆಳು ಕಳುಹಿಸಿದೆವು. ಮರುದಿನ ಬಂದು, ಕಣ್ಣಿನೊಳಗೆ ನೋಡುವ ಸಲಕರಣೆಯಿಂದ ಪರೀಕ್ಷಿಸಿ, ನನ್ನ ಕಡೆ ತಿರುಗಿದರು.

"ಇವಳಿಗೆ ಎಷ್ಟು ಕ್ವಿನೈನ್ ಕೊಟ್ಟಿದ್ದೀರಿ?"

"ದಿನಕ್ಕೆ ಐದು ಗ್ರೇನ್, ಸಾರ್. ಎಲ್ಲರಿಗೂ ಕೊಡುವಷ್ಟೇ."

"ಐದು ಗ್ರೇನಿಗೆ ಹೀಗಾಗುವುದಿಲ್ಲ."

ನಾನು ಕೆಂಪಮ್ಮನ ಮುಖ ನೋಡಿದೆ. ಅವಳು ಸೊಂಟದಿಂದ ಎಲೆಅಡಿಕೆಯ ಚೀಲ ತೆಗೆದು ನನ್ನ ಅಂಗೈ ಮೇಲೆ ಕೊಡವಿದಳು. ಅಡಿಕೆ ಚೂರಿನ ಜೊತೆ ಮೂರು ಗುಳಿಗೆಗಳು ಬಿದ್ದವು. ಮೇಲಿನ ಸಕ್ಕರೆ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸೊಸೆ ಎರಡು ವಾರಕ್ಕೂ ಹೆಚ್ಚು ಕಾಲದಿಂದ ಪ್ರತಿ ಬೆಳಗ್ಗೆ ಗುಳಿಗೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು, ಸಾಲು ಕರಗಿದ ಮೇಲೆ ಉಗಿದು ಸೆರಗಿಗೆ ಕಟ್ಟುತ್ತಿದ್ದಳು. ಜ್ವರ ಬಂದ ಸಂಜೆ ಕೂಡಿಟ್ಟ ಗುಳಿಗೆಗಳಲ್ಲಿ ಹದಿನಾಲ್ಕನ್ನು ಅತ್ತೆಯೇ ಗಂಜಿಯ ಜೊತೆ ನುಂಗಿಸಿದ್ದಳು. ಹದಿನಾಲ್ಕು ದಿನ ತಪ್ಪಿದ್ದನ್ನು ಒಂದೇ ಹೊತ್ತಿಗೆ ಸರಿಮಾಡಿದರೆ ಜ್ವರ ಇಳಿದೀತು ಎಂಬುದು ಅವಳ ಎಣಿಕೆ.

ವೈದ್ಯರು ವರದಿಯಲ್ಲಿ, ಕೂಲಿಗಳ ಅಜ್ಞಾನ ಮತ್ತು ಕಳ್ಳತನದಿಂದ ಔಷಧ ಕೂಡಿಟ್ಟದ್ದು ಕಾರಣ ಎಂದು ಬರೆದರು. ಲೈನಿನ ಜನ ಊರ ಮಾರಿಗೆ ಹರಕೆ ತಪ್ಪಿದ್ದು ಕಾರಣ ಎಂದರು. ಎರಡನ್ನೂ ನಾನು ನಂಬಲಿಲ್ಲ. ನುಂಗಲು ಹೆದರಿ ಉಗಿದವಳು ಅದನ್ನು ಎಸೆಯಬೇಕಿತ್ತು. ಇವಳು ಔಷಧವೆಂದು ನಂಬಿಯೇ ಜೋಪಾನ ಮಾಡಿದ್ದಳು. ನಂಬಿಕೆಯಿದ್ದವಳು ಬೆಳಗ್ಗೆ ಏಕೆ ನುಂಗಲಿಲ್ಲ?

"ಏಕೆ ನುಂಗಲಿಲ್ಲ ಅಂತ ನನ್ನ ಕೇಳ್ತೀರಾ?" ಎಂದಳು ಕೆಂಪಮ್ಮ. "ನೀವು ಕಾಫಿ ಕುಡ್ಕಂಡು, ಬೂಟ್ಸ್ ಹಾಕ್ಕಂಡು ಬತ್ತೀರಿ. ಬರೀ ಹೊಟ್ಟೇಲಿ ಅದನ್ನ ನುಂಗಿ, ತಲೆ ಮೇಲೆ ಗೊಬ್ಬರದ ಬುಟ್ಟಿ ಇಟ್ಕಂಡು ಒಂದ್ಸಲ ಈ ಗುಡ್ಡ ಹತ್ತಿ ನೋಡಿ ಸಾಮಿ. ತಲೆ ತಿರುಗಿ ಕೂತರೆ ರೈಟರು ಅರ್ಧ ಹೆಸರು ಹಾಕ್ತಾರೆ, ಅರ್ಧ ಕೂಲಿ ಹೋಯ್ತದೆ."

ಅವಳು ಚುಚ್ಚಿ ಹೇಳಿದ್ದನ್ನು ನಾನು ಹಾಗೆಯೇ ಮಾಡಿದೆ. ನಾಲ್ಕು ದಿನ ಹಿಂದಿನ ರಾತ್ರಿಯ ಊಟ ಬಿಟ್ಟರೆ ಬೇರೇನೂ ಇಲ್ಲದೆ, ಐದೂವರೆಗೆ ಗುಳಿಗೆ ನುಂಗಿ, ಬುಟ್ಟಿ ಹೊತ್ತು ಹೆಂಗಸರ ಹಿಂದೆ ಗುಡ್ಡ ಹತ್ತಿದೆ. ಅವರು ನಕ್ಕರು. "ಕಾಂಪೌಂಡರಿಗೂ ಹೆಸರು ಹಾಕಿ ರೈಟರೇ" ಎಂದು ಒಬ್ಬಳು ಕೂಗಿದಳು. ಎರಡನೆಯ ದಿನ ಕಿವಿ ಗುಂಯ್‌ಗುಟ್ಟಿತು. ಮೂರನೆಯ ದಿನ ಕಾಫಿ ಗಿಡ ಹಿಡಿದು ಹಸಿರು ನೀರು ವಾಂತಿ ಮಾಡಿದೆ. ಯಾರೂ ನಗಲಿಲ್ಲ. ನಾಲ್ಕನೆಯ ದಿನ, ನನ್ನ ನಾಲಗೆ ನಾನು ಕೇಳದೆಯೇ ಗುಳಿಗೆಯನ್ನು ದವಡೆಗೆ ತಳ್ಳಿತು.

ಆಮೇಲೆ ಮಸ್ಟರಿಗೆ ಮುಂಚಿನ ಹೊತ್ತಿನಲ್ಲಿ ಎರಡೂ ಲೈನುಗಳಿಗೆ ಹೋಗಿ ಕುಳಿತೆ. ಕೆಳಲೈನಿನವರಿಗೆ ನೀರು ಹತ್ತು ಹೆಜ್ಜೆಯಲ್ಲಿತ್ತು. ಕಂಬಿ ಬಾರಿಸಿದೊಡನೆ ಒಲೆ ಹೊತ್ತಿಸಿ, ತಂಗಳು ಬಿಸಿ ಮಾಡಿ, ಒಂದು ತುತ್ತು ತಿಂದೇ ಬರುತ್ತಿದ್ದರು. ಮೇಲ್ಲೈನಿನ ಹೆಂಗಸರು ಅದೇ ಅರ್ಧ ಗಂಟೆಯಲ್ಲಿ ತೊರೆಗಿಳಿದು, ನನ್ನ ಆಜ್ಞೆಯಂತೆ ಕೈಕಾಲು ತೊಳೆದು, ಕೊಡ ಹೊತ್ತು ಗುಡ್ಡ ಹತ್ತುವಷ್ಟರಲ್ಲಿ ಸಾಲು ನಿಂತಿರುತ್ತಿತ್ತು. ಬರೀ ಹೊಟ್ಟೆಯಲ್ಲೇ ಗುಳಿಗೆಗೆ ಕೈ ಚಾಚಬೇಕಿತ್ತು. ಜ್ವರದ ರಿಜಿಸ್ಟರ್ ತೆಗೆದು ಮನೆ ಮನೆ ವಿಂಗಡಿಸಿದೆ. ಹೊಸ ಜ್ವರಗಳು ಬಹುಪಾಲು ಮೇಲ್ಲೈನಿನವು. ಸೊಳ್ಳೆ ಹೆಚ್ಚಿದ್ದುದು ತೊರೆಯ ಪಕ್ಕದಲ್ಲಿ. ಜ್ವರ ಹೆಚ್ಚಿದ್ದುದು ಗುಡ್ಡದ ಮೇಲೆ. ಒಂದೇ ಊರು, ಒಂದೇ ದೇವತೆ, ಅಕ್ಷರವಿಲ್ಲದಿರುವುದೂ ಒಂದೇ. ಅಜ್ಞಾನವೇ ಕಾರಣವಾಗಿದ್ದರೆ ಅದು ತೊರೆಯ ಪಕ್ಕದಲ್ಲಿ ಕಡಿಮೆಯಾಗಿ ಗುಡ್ಡದ ಮೇಲೆ ಹೆಚ್ಚಾಗಲು ಸಾಧ್ಯವಿಲ್ಲ.

ಇದನ್ನು ಎರಡು ಹಾಳೆಗಳಲ್ಲಿ ಬರೆದು, ವೈದ್ಯರ ವರದಿಯ ಜೊತೆ ಸೇರಿಸಬೇಕೆಂದು ಆಫೀಸಿಗೆ ಒಯ್ದೆ. ಆಗ ರೈಟರ್ ಆಗಿದ್ದವರು ಬೆಳ್ಯಪ್ಪನವರು. ಒಳ್ಳೆಯವರು, ಓದಿ ಹಾಳೆಯನ್ನು ನನ್ನತ್ತ ಸರಿಸಿದರು.

"ಅಲ್ಲ ಮಾರಾಯ, ಡಾಕ್ಟ್ರು ಕೂಲಿಗಳ ತಪ್ಪು ಅಂತ ಬರೆದು ಮುಗಿಸಿದ್ದಾರೆ. ನೀನು ಎಂತಕ್ಕೆ ನಿನ್ನ ಹೆಸರು ನೀನೇ ತುರುಕುವುದು?"

"ಕ್ರಮ ಬರೆದದ್ದು ನಾನಲ್ಲವಾ ಬೆಳ್ಯಪ್ಪಣ್ಣ?"

"ಹೌದು. ನುಂಗಿದರು ಅಂತ ಹೆಸರು ಹಾಕಿದ್ದು ನಾನು. ಅದೂ ಇದರಲ್ಲಿ ಉಂಟಾ?"

"ಉಂಟು."

ಅವರು "ಹಠಮಾರಿ" ಎಂದಷ್ಟೇ ಹೇಳಿ ಹಾಳೆಗಳನ್ನು ಒಳಗೆ ಒಯ್ದರು.

ನನ್ನ ಹಾಳೆಗಳು ವರದಿಗೆ ಸೇರಲಿಲ್ಲ. ಆದರೆ ದೊರೆ ಓದಿದ್ದರು. ಕೆಲಸಕ್ಕೆ ಆಳು ಬೇಕಿದ್ದ ಮನುಷ್ಯ. ಮಸ್ಟರನ್ನು ಅರ್ಧ ಗಂಟೆ ತಡಮಾಡಲು, ಮೇಲ್ಲೈನಿನ ಬಳಿ ದೊಡ್ಡ ಹಂಡೆಯಲ್ಲಿ ಗಂಜಿ ಕಾಯಿಸಲು ಒಪ್ಪಿದರು. ಮೊದಲು ಗಂಜಿ, ಆಮೇಲೆ ಹೆಸರು, ಕೊನೆಗೆ ಗುಳಿಗೆ. ಗುಳಿಗೆಗೂ ಹೆಸರಿಗೂ ಇದ್ದ ಗಂಟನ್ನು ಬಿಚ್ಚಿದೆವು. ಮಳೆಗಾಲಕ್ಕೆ ಮುಂಚೆಯೇ ಮೇಲ್ಲೈನಿನ ಜ್ವರ ಕೆಳಲೈನಿನ ಮಟ್ಟಕ್ಕೆ ಇಳಿಯಿತು. ಪುಸ್ತಿಕೆಯಲ್ಲಿ ಗುಳಿಗೆ ಇದೆ, ಶಿಸ್ತು ಇದೆ. ಗಂಜಿಯಿಲ್ಲ, ಚಿಕ್ಕತಾಯಿಯೂ ಇಲ್ಲ.

ಅವಳ ದೃಷ್ಟಿ ಮೂರು ವಾರಗಳಲ್ಲಿ ಕೊಂಚ ಮರಳಿತು. ಕ್ವಿನೈನಿನಿಂದ ಹೋದ ದೃಷ್ಟಿ ಬಂದರೆ ನಡುವಿನಲ್ಲಷ್ಟೇ ಬರುತ್ತದೆ, ಸುತ್ತಲಿನದು ಬರುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು. ಬಿದಿರಿನ ಕೊಳವೆಯೊಳಗಿಂದ ನೋಡಿದಂತೆ. ಎದುರಿಗಿರುವವರ ಮುಖ ಕಾಣುತ್ತಿತ್ತು. ತನ್ನ ಪಾದ ಕಾಣುತ್ತಿರಲಿಲ್ಲ. ಗುಡ್ಡದ ಕೆಲಸಕ್ಕೆ ಅವಳು ಇನ್ನು ಬಾರಳು ಎಂದು ಮೇಸ್ತ್ರಿ ಅತ್ತೆಸೊಸೆಯರನ್ನು ಮುಂಗಾರಿಗೆ ಮುಂಚೆ ಊರಿಗೆ ಹೊರಡಿಸಿದ. ಗಾಡಿ ಕಟ್ಟಿದ ಬೆಳಗ್ಗೆ ನಾನು ಹೋಗಿ ಅದರ ಹಿಂದೆ ನಿಂತೆ.

ಚಿಕ್ಕತಾಯಿ ಕತ್ತನ್ನು ಅತ್ತಿತ್ತ ಆಡಿಸಿ, ನನ್ನನ್ನು ಹುಡುಕಿ ಹಿಡಿದಂತೆ ದಿಟ್ಟಿಸಿದಳು.

"ಯಾರತ್ತೆ ಇವರು?"

"ಕಾಂಪೌಂಡರು ಕಣವ್ವ."

"ಓ," ಎಂದಳು. "ಇವರ ಮುಖ ನಾನು ಇವತ್ತೇ ನೋಡಿದ್ದು. ದಿನಾಲೂ ಕತ್ಲೇಲಿ ಕೈ ಒಂದೇ ಕಾಣ್ತಿತ್ತು."

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಗಾಡಿ ಹೊರಟಿತು.

ಅಲ್ಲಿಂದ ಮುಂದೆ ಮೂರು ಎಸ್ಟೇಟುಗಳಲ್ಲಿ ಕೆಲಸ ಮಾಡಿದೆ. ಹಲವು ಬೆಳಗಿನ ಕ್ರಮಗಳನ್ನು ಬರೆದೆ. ಬರೆಯುವ ಮೊದಲು, ಅದರಂತೆ ಏಳಬೇಕಾದವರ ಒಲೆಯ ಮುಂದೆ ಒಂದು ವಾರ ಕುಳಿತಿರದೆ ಒಂದು ಸಾಲನ್ನೂ ಬರೆಯಲಿಲ್ಲ. ಆ ಉದ್ಯೋಗ ನನಗೆ ಕಲಿಸಿದ್ದು ಇಷ್ಟೇ. ಕಲಿಸಿದ್ದಕ್ಕೆ ಬೆಲೆ ತೆತ್ತವಳು ಚಿಕ್ಕತಾಯಿ.