ಕುರ್ಚಿಯಲ್ಲಿ ಕೂತ ಮೆಕ್ಯಾನಿಕ್

ಕಕ್ಕಿಂಜೆಯ ಆ ಮೆಕ್ಯಾನಿಕ್ ಏನು ಕೇಳಿದರೂ "ಬಿಚ್ಚಿ ನೋಡುವ" ಎನ್ನುತ್ತಿದ್ದರು. ಗುಡ್ಡದ ಮೇಲಿನ ಮನೆಗಳಿಗೆ ರಸ್ತೆ ಕೊಡದಿರುವುದು ಅನ್ಯಾಯವೆಂದು ನಾನು ಮನವಿಗಳನ್ನು ಬರೆಯುತ್ತಿದ್ದೆ. ಅಲ್ಲಿಯ ರೋಗಿಗಳನ್ನು ಜನ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸುತ್ತಿದ್ದರು. ಮೆಕ್ಯಾನಿಕ್ ಆ ರೋಗಿಗಳಿಗೆಂದು ಊರಿನ ಪಿಕಪ್ಪಿಗೆ ಹಳೆಯ ಜೀಪಿನ ಮುಂದಿನ ಆಕ್ಸಲ್ ಜೋಡಿಸಿ, ನಾಲ್ಕೂ ಚಕ್ರ ಎಳೆಯುವಂತೆ ಮಾಡಿದರು.

ಪರೀಕ್ಷೆಯ ದಿನ ಅದೇ ಕುರ್ಚಿಯನ್ನು ಗಾಡಿಯ ಹಿಂಭಾಗದಲ್ಲಿ ಕಟ್ಟಿಸಿ ತಾವೇ ಕೂತರು.

"ನೀವು ಓಡಿಸುವುದಲ್ವಾ?" ಎಂದೆ.

"ರೋಗಿಗೆ ಹೇಗಾಗ್ತದೆ ಅಂತ ಸ್ಟಿಯರಿಂಗ್ ಹಿಡಿದವನಿಗೆ ಗೊತ್ತಾಗ್ತದಾ ಮಾರಾಯ್ರೆ?"

ಆ ಕುರ್ಚಿಯ ಬಗ್ಗೆ ಅಷ್ಟು ಬರೆದ ನಾನು ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲ.

ಹಿಂದೆಲ್ಲ ಚಕ್ರ ಹೂತುಹೋಗುತ್ತಿದ್ದ ಏರನ್ನು ಪಿಕಪ್ ನಿಲ್ಲದೆ ಹತ್ತಿತು. ನಾವು ಚಪ್ಪಾಳೆ ತಟ್ಟಿದೆವು. ಅವರು ಸೊಂಟ ಹಿಡಿದುಕೊಂಡು ಇಳಿದರು.

"ಗಾಡಿ ಹತ್ತಿತು. ಆದರೆ ಬಸುರಿ ಹೆಂಗಸು ಈ ಕುಲುಕಾಟ ತಡೆಯುವುದಿಲ್ಲ. ಬಿಚ್ಚಿ ನೋಡುವ."