ನನ್ನ ಎದೆಯ ಗುಳಿಗೆ, ಐಶುವಿನ ಕಣ್ಣು

ಇವತ್ತು ಬೆಳಿಗ್ಗೆ ದಾರ ಹುಡುಕಲು ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದೆ. ಮುಚ್ಚಳ ಎತ್ತಿದ್ದೇ ತಡ, ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರಲ್ಲಿ ಗುಳಿಗೆ ಇಡುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಈಗ ಇರುವುದು ಸೂಜಿ, ದಾರ, ಗುಂಡಿ. ಸೋಪು ಹಾಕಿ ಎರಡು ಸಲ ತೊಳೆದು ಬಿಸಿಲಿಗಿಟ್ಟರೂ ವಾಸನೆ ಮಾತ್ರ ಹೋಗಿಲ್ಲ.

ಹೆಬ್ಬಗೋಡಿಯಲ್ಲಿ ನಮ್ಮದು ಒಂಬತ್ತು ಬಾಡಿಗೆ ಮನೆಗಳ ಸಾಲು. ನನ್ನ ಗಂಡ ಇದ್ದಾಗ ಅಲ್ಲಿ ರಾಗಿ ಬೆಳೆಯುತ್ತಿತ್ತು, ಈಗ ಮನೆ ಬೆಳೆದಿದೆ. ಈ ಸಾಲಿನಲ್ಲಿ ಒಂದು ರೂಢಿಯಿತ್ತು. ನಿಮ್ಮ ಬೀದಿಯಲ್ಲೂ ಇದ್ದೀತು, ಇಲ್ಲವೆಂದು ಸುಳ್ಳು ಹೇಳಬೇಡಿ. ಒಬ್ಬರಿಗೆ ಡಾಕ್ಟರು ಬರೆದುಕೊಟ್ಟು ಮಿಕ್ಕ ಗುಳಿಗೆ ಇನ್ನೊಬ್ಬರಿಗೆ ಆಗುತ್ತದೆಂದು ಎಲ್ಲರೂ ನನ್ನ ಡಬ್ಬಿಗೆ ತಂದು ಹಾಕುತ್ತಿದ್ದರು. ತಲೆ ನೋಯಲಿ, ಹೊಟ್ಟೆ ಉಬ್ಬರಿಸಲಿ, ಮೊದಲು ಬರುತ್ತಿದ್ದುದು ನನ್ನ ಬಾಗಿಲಿಗೆ. ನಾನು ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷ್ ಹೆಸರು ಓದಲು ಬಾರದು, ಬಣ್ಣ ನೋಡಿ ಕೊಡುತ್ತಿದ್ದೆ. ಬಹಳ ಗತ್ತಿನಿಂದ ಕೊಡುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಆ ಗತ್ತಿಗೆ ಒಂದು ಸಲ ಪೆಟ್ಟು ಬಿದ್ದಿತ್ತು. ನನಗೆ ಎದೆ ಡವಡವ ಎನ್ನುವ ಕಾಯಿಲೆ. ಅದಕ್ಕೊಂದು ಪುಟ್ಟ ಗುಳಿಗೆ ನುಂಗುತ್ತೇನೆ. ಪಕ್ಕದ ಮನೆಯ ಮುನಿರತ್ನಮ್ಮ ಬಂದು ತನಗೂ ಎದೆ ಹೊಡೆದುಕೊಳ್ಳುತ್ತಿದೆ ಎಂದಳು. ನನ್ನದರಲ್ಲೇ ಒಂದು ಕೊಟ್ಟೆ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಉಸಿರು ಸಿಕ್ಕಿಕೊಂಡು ತುಟಿ ನೀಲಿಯಾಯಿತು. ಆಟೋದಲ್ಲಿ ಹಾಕಿಕೊಂಡು ಹೋದೆವು. ಎರಡು ದಿನ ಮೂಗಿಗೆ ನಳಿಕೆ ಇಟ್ಟಿದ್ದರು. ಬದುಕಿ ಬಂದವಳು ಮುಂದಿನ ವಾರವೇ ತಲೆನೋವಿನ ಗುಳಿಗೆ ಕೇಳಲು ಬಂದಳು! ಅವಳಿಗೆ ಬುದ್ಧಿ ಬರಲಿಲ್ಲ. ನನಗೆ ಆ ಒಂದು ಗುಳಿಗೆಯ ಮೇಲೆ ಭಯ ಬಂತು, ಅಷ್ಟೇ.

ನಾಲ್ಕನೇ ಮನೆಯಲ್ಲಿ ನೀಲಮ್ಮ, ಯಾದಗಿರಿ ಕಡೆಯವಳು. ಗಂಡ ಗಾರೆ ಕೆಲಸಕ್ಕೆ, ಇವಳು ಫ್ಯಾಕ್ಟರಿಗೆ. ಅವರ ಮಗಳು ಐಶು ಹುಟ್ಟಿ ಎರಡು ವಾರಕ್ಕೆ ಎಡಗಣ್ಣಿನ ರೆಪ್ಪೆಯ ಮೇಲೆ ಸೊಳ್ಳೆ ಕಚ್ಚಿದಂತೆ ಒಂದು ಕೆಂಪು ಚುಕ್ಕೆ ಕಾಣಿಸಿತು. ಮೂರು ತಿಂಗಳಿಗೆ ಅದು ಹುಣಸೆಬೀಜದಷ್ಟು ಗಂಟಾಗಿ ರೆಪ್ಪೆಯನ್ನು ಕೆಳಕ್ಕೆ ಜಗ್ಗುತ್ತಿತ್ತು. ದೊಡ್ಡಾಸ್ಪತ್ರೆಗೆ ಹೋದಾಗ ಕ್ಯಾನ್ಸರಾ ಎಂದು ನಾನೇ ಕೇಳಿದೆ. ನೀಲಮ್ಮ ಅಳುತ್ತಾಳೆಂದು ಸುಮ್ಮನಿರುವ ಜಾತಿ ನನ್ನದಲ್ಲ. ಅಲ್ಲಿನ ಡಾಕ್ಟರಮ್ಮ, ಅಲ್ಲ, ಇದು ರಕ್ತನಾಳಗಳೇ ಗುಂಪಾಗಿ ಬೆಳೆದ ಗಂಟು, ಆದರೆ ಕಣ್ಣು ಮುಚ್ಚಿಬಿಟ್ಟರೆ ಆ ಕಣ್ಣು ನೋಡುವುದನ್ನು ಕಲಿಯುವುದೇ ಇಲ್ಲ ಎಂದರು. ಮಗುವನ್ನು ಒಂದು ದಿನ ಅಲ್ಲೇ ಇಟ್ಟುಕೊಂಡು ಔಷಧಿ ಶುರುಮಾಡಿ ಮನೆಗೆ ಕಳಿಸಿದರು. ಗುಳಿಗೆಯನ್ನು ಅಳತೆಯ ನೀರಿನಲ್ಲಿ ಕರಗಿಸಿ, ಹಾಲು ಕುಡಿಸಿದ ಮೇಲೆ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

ನೀಲಮ್ಮ ಕೆಲಸಕ್ಕೆ ಹೋದರೆ ಮಗು ನನ್ನ ಹತ್ತಿರ. ಅವಳು ಕೊಟ್ಟ ಗುಳಿಗೆಯ ಹಾಳೆ ನೋಡಿದೆ. ಅದೇ ಬಣ್ಣ, ಅದೇ ಗೆರೆ, ಔಷಧಿ ಅಂಗಡಿಯವನನ್ನು ಕೇಳಿದರೆ ಹೆಸರೂ ಅದೇ. ನನ್ನ ಎದೆಯ ಗುಳಿಗೆ! ಕಣ್ಣಿನ ಗಂಟಿಗೆ ಎದೆಯ ಗುಳಿಗೆ ಬರೆದ ಡಾಕ್ಟರಿಗೆ ತಲೆ ಕೆಟ್ಟಿರಬೇಕು ಅಂದುಕೊಂಡೆ. ಮುನಿರತ್ನಮ್ಮನ ನೀಲಿ ತುಟಿ ಕಣ್ಣಮುಂದೆ ಬಂತು. ನೀಲಮ್ಮನಿಗೆ ಹೇಳಿದರೆ ಹೆದರುತ್ತಾಳೆ, ಡಾಕ್ಟರನ್ನು ಕೇಳಿದರೆ ಬೈಯುತ್ತಾರೆ. ದಿನಾ ಎರಡು ಹೊತ್ತು ಔಷಧಿ ಕರಗಿಸಿ, ಸಿರಿಂಜಿಗೆ ಎಳೆದು, ಬಚ್ಚಲಿಗೆ ಚೆಲ್ಲಿದೆ. ಭಾನುವಾರ ನೀಲಮ್ಮ ತಾನೇ ಕುಡಿಸಿದಾಗ ಮಗುವಿನ ಎದೆಗೆ ಕಿವಿಯಿಟ್ಟು ಕೂತೆ. ಏನೂ ಆಗಲಿಲ್ಲ, ನನ್ನ ಓಲೆ ಹಿಡಿದೆಳೆದು ನಕ್ಕಿತು. ಆದರೂ ಸೋಮವಾರ ಮತ್ತೆ ಚೆಲ್ಲಿದೆ. ಹಟಮಾರಿ ಹೆಂಗಸು ನಾನು, ಮುಚ್ಚುಮರೆ ಏನಿಲ್ಲ.

ಎರಡು ವಾರಕ್ಕೆ ತೋರಿಸಲು ಹೋದೆವು. ಗಂಟು ದಪ್ಪವಾಗಿತ್ತು, ಕಣ್ಣು ಸಣ್ಣ ಬಿರುಕಿನಷ್ಟು ಮಾತ್ರ ತೆರೆಯುತ್ತಿತ್ತು. ಡಾಕ್ಟರಮ್ಮ ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು. ಈ ಔಷಧಿ ಈ ಮಗುವಿಗೆ ಹತ್ತುತ್ತಿಲ್ಲ, ಬೇರೆ ಬಿರುಸಿನ ಔಷಧಿ ಹಾಕಬೇಕಾಗಬಹುದು, ಸರಿಯಾಗಿ ಕೊಡುತ್ತಿದ್ದೀರಾ ಎಂದು ಕೇಳಿದರು.

"ಅವ್ವಾರ ಕೊಡ್ತಾರ್ರೀ," ಎಂದಳು ನೀಲಮ್ಮ ನನ್ನತ್ತ ತೋರಿಸಿ. "ಒಂದ ದಿನಾನೂ ತಪ್ಸಿಲ್ರಿ."

ಆ ಮಾತು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ.

"ಕೊಟ್ಟಿಲ್ಲ ಕಣವ್ವಾ," ಎಂದೆ ಡಾಕ್ಟರಿಗೆ. "ಬಚ್ಚಲಿಗೆ ಚೆಲ್ಬುಟ್ಟೆ. ಅದು ನನ್ ಎದೆ ಗುಳಿಗೆ. ದೊಡ್ಡೋಳ್ನೇ ಮಲಗಿಸ್ಬುಡ್ತು, ಈ ಕೂಸು ತಡ್ಕೊತದಾ?"

ಅವರು ಪೆನ್ನು ಕೆಳಗಿಟ್ಟರು. "ಒಳ್ಳೇ ಪ್ರಶ್ನೆ ಅಜ್ಜಿ. ಆದ್ರೆ ನನ್ನ ಕೇಳ್ಬೇಕಿತ್ತು, ಬಚ್ಚಲನ್ನಲ್ಲ."

ಆಮೇಲೆ ಬೈಯದೆ ಬಿಡಿಸಿ ಹೇಳಿದರು. ಗುಳಿಗೆ ನನ್ನದೇ. ಇಂಥ ಗಂಟಿದ್ದ ಒಂದು ಕೂಸಿಗೆ ಎಲ್ಲೋ ಹೃದಯಕ್ಕೆಂದು ಇದನ್ನು ಕೊಟ್ಟರಂತೆ, ಗಂಟು ಕರಗಿತಂತೆ. ಯಾರೂ ಹುಡುಕಿಕೊಂಡು ಹೋದದ್ದಲ್ಲ, ಕಣ್ಣಿಗೆ ಬಿದ್ದದ್ದು. ಈಗ ಈ ಗಂಟಿಗೆ ಮೊದಲು ಕೊಡುವುದೇ ಇದನ್ನು. ಆದರೆ ಹೃದಯ ನೋಡಿ, ಉಬ್ಬಸ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ಹೃದಯದ ಹಳೆಯ ಔಷಧಿಗಳು ಕ್ಯಾನ್ಸರಿಗೆ, ವೈರಸ್ಸಿನ ಕಾಯಿಲೆಗೆ ಆಗುತ್ತವೆಯೇ ಎಂದೂ ನೋಡುತ್ತಿದ್ದಾರಂತೆ. ಅದಿನ್ನೂ ಪರೀಕ್ಷೆಯಲ್ಲಿದೆ, ನೀವು ಹಂಚಲು ಹೋಗಬೇಡಿ ಎಂದರು. ನನ್ನ ಡಬ್ಬಿಯ ಸುದ್ದಿ ಅವರಿಗೆ ಹೇಗೆ ಗೊತ್ತಾಯಿತೋ! ಮಗುವನ್ನು ಅರ್ಧ ದಿನ ಅಲ್ಲೇ ಮಲಗಿಸಿ ಔಷಧಿಯನ್ನು ಮೊದಲಿನಿಂದ ಶುರುಮಾಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನೀಲಮ್ಮ ಮಗುವನ್ನು ನನ್ನಿಂದ ಆಚೆ ಪಕ್ಕಕ್ಕೆ ಹಾಕಿಕೊಂಡು ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಇನ್ನು ಮಗುವನ್ನು ನನ್ನ ಕೈಗೆ ಕೊಡುವುದಿಲ್ಲ, ಮನೆಯನ್ನೂ ಖಾಲಿ ಮಾಡುತ್ತಾಳೆ ಎಂದುಕೊಂಡೆ. ಆದರೆ ಮರುದಿನ ರಜೆ ಹಾಕಿ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದಳು. ಮಗುವನ್ನು ನನ್ನ ತೊಡೆಯ ಮೇಲಿಟ್ಟು ಸಿರಿಂಜು ಕೈಗೆ ಕೊಟ್ಟಳು.

"ಇವತ್ತ ನಾ ನೋಡ್ತೀನಿ. ನಾಳಿಂದ ನೋಡೂದಿಲ್ಲ."

ಸಿರಿಂಜನ್ನು ಮಗುವಿನ ತುಟಿಗೆ ಇಟ್ಟೆ. ಮಗು ಚಪ್ಪರಿಸಿ ಕುಡಿಯಿತು. ಸಂಜೆಯೂ ಕುಡಿಯಿತು. ಗಂಟಿನ ಕೆಂಪು ದಿನೇ ದಿನೇ ಬಾಡಿದ ದಾಸವಾಳದ ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ತಗ್ಗಿತು. ರೆಪ್ಪೆ ಪೂರ್ತಿ ಮೇಲೆದ್ದ ದಿನ ನೀಲಮ್ಮ ಫ್ಯಾಕ್ಟರಿಯಲ್ಲಿದ್ದಳು, ನಾನೊಬ್ಬಳೇ ನೋಡಿದೆ. ಅಳಲಿಲ್ಲ. ಒಲೆಯ ಮೇಲಿನ ಸಾರು ಮಾತ್ರ ಸೀದುಹೋಯಿತು. ಹೆಚ್ಚುಕಡಿಮೆ ಒಂದು ವರ್ಷ ಕುಡಿಸಿದೆ. ಡಬ್ಬಿಯ ಗುಳಿಗೆಗಳನ್ನೆಲ್ಲ ಆಸ್ಪತ್ರೆಗೆ ಕೊಟ್ಟುಬಂದೆ.

ಹೋದ ತಿಂಗಳು ಒಬ್ಬ ಬಾಡಿಗೆಯವನು ಫೋನಿನಲ್ಲಿ ಏನೋ ನೋಡಿ, ಕ್ಯಾನ್ಸರಾಗಿರುವ ತನ್ನ ಅಕ್ಕನಿಗೆ ನನ್ನ ಎದೆಯ ಗುಳಿಗೆ ಕೇಳಲು ಬಂದ. ಪಾಪ, ಅವನ ಮುಖ ನೋಡಿದರೆ ಕೊಡೋಣ ಅನ್ನಿಸುವಂತಿತ್ತು. ಅವಳ ಡಾಕ್ಟರನ್ನು ಕೇಳು ಎಂದು ಕಳಿಸಿದೆ. ಒರಟು ಮುದುಕಿ ಎಂದುಕೊಂಡು ಹೋದ.

ನಿನ್ನೆ ಐಶುವನ್ನು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆವು. ಎರಡು ಕಣ್ಣೂ ಒಂದೇ ಸಮ, ಇನ್ನು ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಎಂದರು. ಇವತ್ತು ಸಂಜೆ ಅವಳೇ ಡಾಕ್ಟರಾಗಿ ನನ್ನನ್ನು ಬಾಗಿಲ ಮೆಟ್ಟಿಲ ಮೇಲೆ ಕೂರಿಸಿದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎಡಗಣ್ಣೊಂದರಲ್ಲೇ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಅಜ್ಜಿ, ನಿನ್ನ ಗದ್ದದ ಮ್ಯಾಲ ಕೂದಲಾ ಅದಾವ. ಮೂರು."

ನಾನು ಎರಡೇ ಅಂದುಕೊಂಡಿದ್ದೆ. ಕೈಯಾಡಿಸಿ ನೋಡಿದೆ. ಮೂರೇ ಇವೆ.